ಪರದೆಯ ಕೆಳಗೆ ಉಳಿದ ಸಾಲು

ಸಣ್ಣಕ್ಕ ಆ ಬಾವಿಯ ಹತ್ತಿರ ನಿಂತದ್ದು ಚಪ್ಪಲಿಯ ಉಂಗುಷ್ಠ ಕಿತ್ತು ಬಂತು ಅಂತ. ಇಲ್ಲದಿದ್ದರೆ ನಿಲ್ಲುವವಳಲ್ಲ. ಅವಳ ನಡಿಗೆ ನೋಡಿದರೆ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಅನ್ನಿಸಬೇಕು, ಅಂಥ ನಡಿಗೆ.

ರಾತ್ರಿ ಊಟದ ಹೊತ್ತು ಮೀರಿತ್ತು. ಆಫೀಸಿನ ಹಿಂದಿನ ಗೇಟಿಗೆ ಹೋಗುವ ದಾರಿ ಅದು. ಒಂದು ಬದಿಯಲ್ಲಿ ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ಇನ್ನೊಂದು ಬದಿಯಲ್ಲಿ ಹಳೇ ಬಾವಿ. ನೀರು ಸೇದುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದರು. ಅವಳು ಕಟ್ಟೆಯ ಮೇಲಿಂದ ಕೈ ಚಾಚಿ ಜಾಲರಿಗೆ ಊರಿ, ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಬಿಚ್ಚಿದಳು. ಕೈಯ ಭಾರಕ್ಕೆ ಜಾಲರಿ ಕಿರ್‍... ಅಂತು. ಆಮೇಲೆ ಎಲ್ಲ ಸುಮ್ಮನಾಯಿತು.

ಆಗ ಕಟ್ಟೆಯ ಆಚೆ ಬದಿಯಿಂದ ಒಂದು ದನಿ.

"ಮಗಳೇ... ನಮ್ಮದು ಎಷ್ಟನೇದು?"

ಸಣ್ಣಕ್ಕ ತಲೆ ಎತ್ತಿದಳು. ವಯಸ್ಸಾದವರು ಯಾರೋ ಕೂತಿದ್ದರು. ಮುಖ ಕತ್ತಲಲ್ಲಿತ್ತು. ಮೊಣಕಾಲ ಮೇಲೆ ಜೋಡಿಸಿಟ್ಟ ಎರಡು ಕೈ ಮಾತ್ರ ಕಾಣುತ್ತಿತ್ತು. ಯಾರೋ ರೋಗಿಯ ಕಡೆಯವರು ಇರಬೇಕು ಅಂದುಕೊಂಡಳು.

"ಏನು ಎಷ್ಟನೇದು ತಾತ?"

"ಸರದಿ."

ಅವಳು ಬೆಳಗಿನಿಂದ ಪರದೆ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಕೈಯಲ್ಲಿ ಹರಿದ ಚಪ್ಪಲಿ ಬೇರೆ. "ಬರುತ್ತೆ ತಾತ, ಕಾಯ್ತಾ ಇರಿ," ಅಂದುಬಿಟ್ಟಳು. ನಾವೆಲ್ಲ ಆಡುವ ಮಾತೇ ಅದು, ಬಾಯಿಗೆ ತಾನಾಗಿ ಬರುತ್ತೆ.

ಆ ಕಡೆಯಿಂದ ಒಂದು ಉಸಿರು ಕೇಳಿಸಿತು... ಹೂಂ ಅಂದರೋ ಊಹೂಂ ಅಂದರೋ ತಿಳಿಯಲಿಲ್ಲ. ಅವಳು ಒಂದು ಕಾಲು ಬರಿಗಾಲಲ್ಲಿ ಕುಂಟುತ್ತಾ ಗೇಟಿನವರೆಗೆ ಬಂದು, ಯಾಕೋ ತಿರುಗಿ ನೋಡಿದಳು. ಕಟ್ಟೆ ಖಾಲಿ. ಎದ್ದು ಹೋದರೇನೋ ಅಂದುಕೊಂಡಳು. ಆ ಕಡೆಗೆ ಇರುವುದು ಅದೊಂದೇ ಗೇಟು, ಅದರಲ್ಲಿ ನಿಂತಿದ್ದವಳು ತಾನೇ ಅನ್ನೋದು ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಸಣ್ಣಕ್ಕ ಅಂದರೆ ನನ್ನ ಚಿಕ್ಕಪ್ಪನ ಮಗಳು. ನನಗಿಂತ ದೊಡ್ಡವಳು, ಅವಳ ಅಕ್ಕನಿಗಿಂತ ಸಣ್ಣವಳು, ಹಾಗಾಗಿ ಆ ಹೆಸರು. ತಲೆ ಅರ್ಧ ನರೆತಿದ್ದರೂ ಇವತ್ತಿಗೂ ಸಣ್ಣಕ್ಕನೇ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಕೆಲಸ. ನೀವು ಅಂದುಕೊಂಡ ಥರದ್ದಲ್ಲ. ಬಣ್ಣ, ಚಿತ್ರ, ಮೌಸು ಒಂದೂ ಇರಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಕೆಳಗೊಂದು ಕೀಲಿಮಣೆ... ಅಷ್ಟೇ. ಹಳೇ ಆಫೀಸುಗಳಲ್ಲಿ, ಗೋದಾಮುಗಳಲ್ಲಿ ಅವು ಇನ್ನೂ ಉಸಿರಾಡುತ್ತಿರುತ್ತವಲ್ಲ, ಕೆಟ್ಟರೆ ಇವಳನ್ನು ಕರೆಯುತ್ತಾರೆ. "ನಾನು ಮುದಿ ಯಂತ್ರಗಳ ಡಾಕ್ಟ್ರು, ಫೀಸು ಮಾತ್ರ ನರ್ಸಿಂದು" ಅಂತ ನಗುತ್ತಿದ್ದಳು.

ಆಗ ಕರೆದದ್ದು ಆಂಬುಲೆನ್ಸಿನ ಕಂಟ್ರೋಲ್ ರೂಮಿನವರು. ಊರಿನ ಯಾವ ಮೂಲೆಯಿಂದ ಫೋನ್ ಬಂದರೂ ಅಲ್ಲಿಗೇ ಬರಬೇಕು. ಆಪರೇಟರ್ ಕೇಳಿಕೊಂಡು ಟೈಪ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಪರದೆಯ ಮೇಲೆ ಒಂದೊಂದು ಸಾಲು. ವಿಳಾಸ, ಏನಾಗಿದೆ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ. ತೀರಾ ಗಂಭೀರವಾದವು ಮೇಲೆ, ಉಳಿದವು ಕೆಳಗೆ. ಗಾಡಿ ಸಂಖ್ಯೆ ಕೊಟ್ಟು ಕಳಿಸಿದ ಕೂಡಲೇ ಆ ಸಾಲು ಪರದೆಯಿಂದ ಹೋಗುತ್ತೆ. ಅಂದರೆ ಕಾಣುತ್ತಿದ್ದರೆ ಕಾಯುತ್ತಿದ್ದಾರೆ, ಕಾಣದಿದ್ದರೆ ಗಾಡಿ ಹೊರಟಿದೆ. ಅಲ್ಲಿನ ಲೆಕ್ಕ ಅದು.

ತೊಂದರೆ ಒಂದೇ ಇತ್ತು. ಪರದೆಯಲ್ಲಿ ಹಿಡಿಸುವಷ್ಟು ಸಾಲು ಮಾತ್ರ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಕೆಳಗಿನವು ಅಂಚಿನಾಚೆ ಹೋಗಿಬಿಡುತ್ತಿದ್ದವು.

"ಎಲ್ಲಿಗೆ ಹೋಗ್ತವೆ?" ಅಂತ ನಾನು ಕೇಳಿದ್ದೆ.

"ಎಲ್ಲಿಗೂ ಹೋಗಲ್ಲ," ಅಂದಳು ಸಣ್ಣಕ್ಕ. "ಒಂದು ರಟ್ಟಲ್ಲಿ ಕಿಟಕಿ ಥರ ತೂತು ಕತ್ತರಿಸು. ಹಿಂದೆ ಒಂದು ಉದ್ದನೆ ಹಾಳೆ ಹಿಡಿ. ಹಾಳೆ ಎಷ್ಟುದ್ದ ಇದ್ರೂ ನಿಂಗೆ ಕಾಣೋದು ಆ ತೂತಿನಷ್ಟೇ ತಾನೇ? ಮಿಕ್ಕಿದ್ದು ಹಿಂದೆ ಇದ್ದೇ ಇರುತ್ತೆ. ಎಳೆದ್ರೆ ಕಾಣುತ್ತೆ. ಈ ಮಹಾನುಭಾವರು ಎಳೆಯೋ ದಾರವನ್ನೇ ಕಟ್ಟಿರಲಿಲ್ಲ."

ಆ ದಾರ ಕಟ್ಟುವುದೇ ಅವಳ ಕೆಲಸ. ಕೆಳಗಿನ ಬಾಣದ ಕೀಲಿ ಒತ್ತಿದರೆ ಹಾಳೆ ಸರಿಯಬೇಕು. ಪರದೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಸಣ್ಣ ಪಟ್ಟಿ, ಅದರೊಳಗೆ ಜಾರುವ ಒಂದು ಬಿಲ್ಲೆ. ಎಲ್ಲ ಸಾಲೂ ಕಣ್ಣ ಮುಂದೆಯೇ ಇದ್ದರೆ ಬಿಲ್ಲೆ ಪಟ್ಟಿ ತುಂಬ ಇರುತ್ತೆ. ಕಾಣದೆ ಉಳಿದದ್ದು ಹೆಚ್ಚಾದಷ್ಟೂ ಅದು ಕುಗ್ಗುತ್ತೆ. ಬಿಲ್ಲೆ ನೋಡಿದರೆ ಸಾಕು, ಕೆಳಗೆ ಇನ್ನೆಷ್ಟಿದೆ ಅಂತ ಗೊತ್ತಾಗಬೇಕು.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಬೇಕಾಯಿತು ಅಂತ ಅವಳು ಅಲ್ಲಿ ಕೇಳಿದ್ದಳಂತೆ. ಯಾರೂ ಬಾಯಿ ಬಿಟ್ಟಿರಲಿಲ್ಲ.

ಬಾವಿಯ ಹತ್ತಿರ ನಿಂತಿದ್ದ ಮಾರನೇ ದಿನ ಸಂಜೆ ಅದನ್ನು ಮೊದಲ ಸಲ ನಿಜವಾದ ಕರೆಗಳ ಮೇಲೆ ಓಡಿಸಿದಳು. ಕಂಟ್ರೋಲ್ ರೂಮಿನಲ್ಲಿ ಪಾಳಿಯ ಆಪರೇಟರ್ ಅಕ್ಕ ಒಬ್ಬರೇ. ಫ್ಯಾನು ಗುಂಯ್... ಅನ್ನುತ್ತಿತ್ತು. ಅವತ್ತು ಕರೆಗಳು ಕಡಿಮೆ. ಪರದೆಯ ಮೇಲೆ ಬೆರಳಲ್ಲಿ ಎಣಿಸುವಷ್ಟು ಸಾಲು, ಕೆಳಗೆಲ್ಲ ಕಪ್ಪು. ಬಿಲ್ಲೆ ಪಟ್ಟಿ ತುಂಬ ಇರಬೇಕಿತ್ತು.

ಇರಲಿಲ್ಲ. ಎಳ್ಳುಕಾಳಿನಷ್ಟು ಕುಗ್ಗಿ, ಪಟ್ಟಿಯ ಮೇಲಿನ ತುದಿಯಲ್ಲಿ ಅಂಟಿಕೊಂಡಿತ್ತು.

ತನ್ನದೇ ಲೆಕ್ಕ ತಪ್ಪಿದೆ ಅಂದುಕೊಂಡಳು. ಕೆಳಗಿನ ಬಾಣ ಒತ್ತಿದಳು. ಟಕ್. ಖಾಲಿ. ಇನ್ನೊಂದು ಸಲ. ಟಕ್. ಖಾಲಿ. ಬೆರಳು ಊರಿಯೇ ಬಿಟ್ಟಳು... ಮೇಲಿದ್ದ ಸಾಲುಗಳು ಸರಿದು ಹೋದವು, ಪರದೆಯೆಲ್ಲ ಕಪ್ಪು. ಉರುಳುತ್ತಿದೆ ಅಂತ ಗೊತ್ತಾಗುತ್ತಿದ್ದದ್ದು ಆ ಬಿಲ್ಲೆಯಿಂದ. ಒಂದೊಂದು ಕೂದಲೆಳೆ ಕೆಳಗಿಳಿಯುತ್ತಿತ್ತು. ಬೆರಳು ನೋವು ಬಂತು. ಬೆರಳು ಬದಲಿಸಿದಳು. ಬಾವಿಗೆ ಹಗ್ಗ ಬಿಟ್ಟ ಹಾಗೆ, ತಳ ಮುಟ್ಟುತ್ತಲೇ ಇಲ್ಲ.

ಆಮೇಲೆ ತಾನಾಗಿ ನಿಂತಿತು.

ಎಲ್ಲಕ್ಕಿಂತ ಕೆಳಗೆ, ಒಂದೇ ಒಂದು ಸಾಲು. ಒಂದು ವಿಳಾಸ. ಹೆಂಗಸು. ಎದೆನೋವು, ಉಸಿರಾಟ ಕಷ್ಟ. ಕಾಯುತ್ತಿರುವ ಹೊತ್ತು ತೋರಿಸುವ ಅಂಕಿ ಎಷ್ಟು ಉದ್ದವಾಗಿತ್ತು ಅಂದರೆ, ತನ್ನ ಜಾಗ ಸಾಲದೆ ಪಕ್ಕದ ಪಟ್ಟಿಯ ಮೇಲೂ ಹತ್ತಿತ್ತು. ಕೊನೆಯ ಅಂಕಿ ಅವಳ ಕಣ್ಣೆದುರೇ ಬದಲಾಗುತ್ತಿತ್ತು. ಒಂದು... ಇನ್ನೊಂದು... ಇನ್ನೊಂದು...

"ಅದನ್ನ ಮುಟ್ಟಬೇಡಿ." ಆಪರೇಟರ್ ಅಕ್ಕ ಹಿಂದೆ ಬಂದು ನಿಂತಿದ್ದರು. ದನಿ ಪಿಸುಗುಟ್ಟಿದ ಹಾಗಿತ್ತು.

"ಯಾಕೆ? ಹಳೇದು ಯಾವುದೋ ಅಳಿಸದೆ ಉಳಿದಿದೆ ಅಷ್ಟೇ."

"ಆ ವಿಳಾಸ ನಂಗೊತ್ತು. ಇಲ್ಲಿ ಎಲ್ರಿಗೂ ಗೊತ್ತು."

ಹಿಂದಿನ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟು ಹೇಳಿದರು.

ಹಿಂದಿನ ವರ್ಷ ಒಂದು ಬಿರುಗಾಳಿ ಬಂದಿತ್ತು. ಛಾವಣಿಗಳು ಹಾರಿದವು, ಗೋಡೆಗಳು ಬಿದ್ದವು. ಫೋನುಗಳು ಬಡಕೊಂಡದ್ದೇ ಬಡಕೊಂಡದ್ದು. ಆ ಗಲಾಟೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಬ್ಬ ಅಜ್ಜ ಫೋನ್ ಮಾಡಿದ್ದರು, ಹೆಂಡತಿಗೆ ಎದೆನೋವು ಅಂತ. ಸಾಲು ಬಂತು. ಅಷ್ಟರಲ್ಲಿ ರಕ್ತ ಸೋರುತ್ತಿದ್ದವರು, ಗೋಡೆ ಕೆಳಗೆ ಸಿಕ್ಕವರು ಒಬ್ಬೊಬ್ಬರೇ ಮೇಲೆ ಸೇರಿದರು. ಇವರ ಸಾಲು ಇಳಿಯುತ್ತಾ ಇಳಿಯುತ್ತಾ ಪರದೆಯ ಅಂಚು ದಾಟಿತು. ಅಜ್ಜ ಮತ್ತೆ ಮತ್ತೆ ಫೋನ್ ಮಾಡಿದರು. ಆ ರಾತ್ರಿ ಪಾಳಿಯಲ್ಲಿದ್ದ ಆಪರೇಟರ್ ಹುಡುಗ ಪರದೆ ನೋಡಿದ. ಸಾಲು ಇಲ್ಲ. ಇಲ್ಲ ಅಂದರೆ ಗಾಡಿ ಹೊರಟಿದೆ. "ದಾರೀಲಿದೆ, ಕಾಯಿರಿ" ಅಂದ. ಬೆಳಗಾಗುತ್ತಾ ಕರೆಗಳು ಕಡಿಮೆಯಾದಾಗ ಆ ಸಾಲು ಕೆಳಗಿನಿಂದ ಮೇಲೆದ್ದು ಬಂತು. ಗಾಡಿ ಹೋಯಿತು. ಅಷ್ಟರಲ್ಲಿ ಆಯಮ್ಮನ ಮೈ ತಣ್ಣಗಾಗಿತ್ತು.

"ಆಮೇಲೆ ಆ ಅಜ್ಜ ದಿನಾ ಇಲ್ಲಿಗೆ ಬರೋಕೆ ಶುರು ಮಾಡಿದ್ರು," ಅಂದರು ಅಕ್ಕ. "ಬಯ್ಯಲಿಲ್ಲ, ಕೂಗಾಡಲಿಲ್ಲ. ಬಾವಿಕಟ್ಟೆ ಮೇಲೆ ಕೂತಿರೋರು. ಯಾರು ಹೋದ್ರೂ ಒಂದೇ ಮಾತು ಕೇಳೋರು."

"ಏನಂತ?"

"ನಮ್ಮದು ಎಷ್ಟನೇದು, ಅಂತ."

ಸಣ್ಣಕ್ಕ ಲೋಟ ಕೆಳಗಿಟ್ಟಳು. ಆ ಚಹಾ ಕುಡಿಯಲಿಲ್ಲ.

"ನೀವೆಲ್ಲ ಏನು ಹೇಳ್ತಿದ್ರಿ?"

"ಏನು ಹೇಳೋದು. ಬರುತ್ತೆ ತಾತ, ಕಾಯ್ತಾ ಇರಿ ಅಂತಿದ್ವಿ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಒಂದು ದಿನ ಕೂತಲ್ಲೇ ಹೋಗಿಬಿಟ್ರು. ನಿದ್ದೆ ಮಾಡ್ತಿದ್ದಾರೆ ಅಂದುಕೊಂಡು ಸಂಜೆವರೆಗೂ ಯಾರೂ ಎಬ್ಬಿಸಲಿಲ್ಲ. ಸುತ್ತ ಅಷ್ಟು ಆಂಬುಲೆನ್ಸ್ ನಿಂತಿದ್ವು ನೋಡಿ..."

ಅದಾದ ಮಾರನೇ ದಿನವೇ ಬಾವಿಯ ಹತ್ತಿರ ಬೋರ್ಡು ಬಂತಂತೆ, ಇಲ್ಲಿ ಕೂರಬಾರದು ಅಂತ. ಪರದೆ ಸರಿಮಾಡುವ ಯೋಚನೆ ಬರೋಕೆ ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ವಿಚಾರಣೆ ಆಯಿತು. ಆಪರೇಟರ್ ಗಮನ ಕೊಡಲಿಲ್ಲ ಅಂತ ತೀರ್ಮಾನಿಸಿ ಅವನನ್ನು ಕೆಲಸದಿಂದ ತೆಗೆದರು. ಪರದೆಯ ಮಾತನ್ನು ವಿಚಾರಣೆಯವರು ಯಾರೂ ಎತ್ತಲಿಲ್ಲ. ಎತ್ತಿದರೆ ಅದನ್ನು ಕೊಂಡವರು ಯಾರು, ಒಪ್ಪಿದವರು ಯಾರು ಅಂತ ಮೇಲಿನವರೆಗೂ ಹೋಗುತ್ತಿತ್ತು.

ಅವತ್ತು ಸಣ್ಣಕ್ಕ ಬಾವಿಯ ದಾರಿ ಬಿಟ್ಟು ಮುಂದಿನ ಬಾಗಿಲಿನಿಂದ ಮನೆಗೆ ಹೋದಳು. ಆದರೆ ಅವಳ ತಲೆ ಗೊತ್ತಲ್ಲ, ಹಿಡಿದರೆ ಬಿಡುವುದಲ್ಲ. ಮಾರನೇ ದಿನ ಕಂಪ್ಯೂಟರಿನ ಒಳಗೆಲ್ಲ ಜಾಲಾಡಿದಳು. ಆ ಸಾಲು ಡೇಟಾದಲ್ಲಿ ಇರಲೇ ಇಲ್ಲ. ಎಂದೋ ಮುಗಿದು ಹೋದ ಕರೆ. ಆದರೂ ಪರದೆಯ ತಳದಲ್ಲಿ ಇತ್ತು. ಯಂತ್ರ ಆರಿಸಿ ಹಚ್ಚಿದಳು, ಇತ್ತು. ಬೇರೆ ಯಂತ್ರದಲ್ಲಿ ನೋಡಿದಳು, ಅಲ್ಲೂ ಇತ್ತು. ಅಳಿಸಲು ಹೋದರೆ ಗಾಡಿ ಸಂಖ್ಯೆ ಕೊಡಿ ಅಂತ ಕೇಳುತ್ತಿತ್ತು. ಸುಳ್ಳು ಸಂಖ್ಯೆ ಕೊಟ್ಟಳು. ಟಿಕ್ ಅಂತ ಮಾಯವಾಯಿತು. ಉಸಿರು ಬಿಡುವಷ್ಟರಲ್ಲಿ, ಟಿಕ್... ಮತ್ತೆ ಅಲ್ಲೇ.

ಸಾಹೇಬರ ಹತ್ತಿರ ಹೋದಳು. ಕಂಟ್ರೋಲ್ ರೂಮಿಗೆ ಅವರೇ ಮುಖ್ಯಸ್ಥರು. ಕೆಟ್ಟವರು ಅಂತ ನಾನು ಹೇಳಲಾರೆ. ಕೂರಿಸಿ, ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. ಎಲ್ಲ ಕೇಳಿ, "ಎಷ್ಟು ಕೆಳಗಿದೆ ಅದು?" ಅಂದರು.

"ತುಂಬಾ ಕೆಳಗೆ ಸರ್."

"ಹಾಗಾದ್ರೆ ಅಷ್ಟು ಕೆಳಗೆ ಹೋಗದ ಹಾಗೆ ಮಾಡಿ. ಎರಡು ಮೂರು ಪರದೆಯಷ್ಟು ಸರಿದ್ರೆ ಸಾಕು. ಆಚೆಗೆ ಯಾರು ನೋಡ್ತಾರೆ?"

"ಆಚೆಗೂ ಜನ ಇರ್ತಾರೆ ಸರ್. ಇನ್ನೊಂದು ಬಿರುಗಾಳಿ ಬಂದ್ರೆ..."

"ಬಂದಾಗ ನೋಡೋಣ."

"ಒಂದು ಗಾಡಿ ಕಳಿಸಿ ನೋಡಬಹುದಲ್ವಾ ಸರ್? ಆ ವಿಳಾಸಕ್ಕೆ, ಒಂದೇ ಸಲ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಸತ್ತವರಿಗೆ ಗಾಡಿ ಕಳಿಸೋ ನಿಯಮ ನಮ್ಮಲ್ಲಿಲ್ಲಮ್ಮ."

"ಬದುಕಿದ್ದಾಗಲೂ ಕಳಿಸಲಿಲ್ಲವಲ್ಲ ಸರ್."

ಅವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಂಗೆ ನಿವೃತ್ತಿ ಹತ್ತಿರ ಇದೆ," ಅಂದರು ಮೆಲ್ಲಗೆ. "ಆ ವಿಷಯ ಮತ್ತೆ ಬಾಯಿಗೆ ಬಂದ್ರೆ ವಿಚಾರಣೆ ಮತ್ತೆ ಶುರು ಆಗುತ್ತೆ. ನಿಮಗೂ ಮನೆ ಮಠ ಇದೆ. ಹೇಳಿದ್ದು ಮಾಡಿ."

ಅವಳು ಆಫೀಸಿನಿಂದ ನೇರವಾಗಿ ಹೋದದ್ದು ಹಳೇ ಆಪರೇಟರನ್ನು ಹುಡುಕಿಕೊಂಡು. ಅವನು ಒಂದು ದೊಡ್ಡ ಅಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ, ಗಾಡಿ ನಿಲ್ಲಿಸುವವರಿಗೆ ಚೀಟಿ ಹರಿದು ಕೊಡುತ್ತಿದ್ದ. ಬಿಸಿಲು ಬೀಳದ ಜಾಗ. ಟೈರುಗಳು ತಿರುವಿನಲ್ಲಿ ಕೀಂಯ್ ಅನ್ನುತ್ತಿದ್ದವು. ಇನ್ನೂ ಚಿಕ್ಕ ವಯಸ್ಸಿನವನೇ, ಆದರೆ ಕುತ್ತಿಗೆ ಮುಂದಕ್ಕೆ ಬಾಗಿ ಮುದುಕನ ಹಾಗೆ ಕಾಣುತ್ತಿದ್ದ.

"ಯಾವ ಗಾಡಿ ನಿಮ್ದು?" ಅಂದ, ತಲೆ ಎತ್ತದೆ.

"ಗಾಡಿ ಇಲ್ಲ. ಕಂಟ್ರೋಲ್ ರೂಮಿನಿಂದ ಬಂದೆ."

ಅವನ ಕೈ ನಿಂತಿತು. ಇವಳು ಕಂಡದ್ದನ್ನೆಲ್ಲ ಹೇಳಿದಳು. ಅವನು ಆಶ್ಚರ್ಯವನ್ನೇನೂ ಪಡಲಿಲ್ಲ.

"ಕಣ್ಣ ಮುಂದೆ ಇದ್ದದ್ದನ್ನ ನೋಡಲಿಲ್ಲ ಅಂತ ಬರೆದ್ರು," ಅಂದ. "ಕಣ್ಣ ಮುಂದೆ ಇರಲೇ ಇಲ್ಲ ಮೇಡಂ. ಎಷ್ಟು ಸಲ ಹೇಳಿದೆ. ತೋರಿಸಿ ಅಂದ್ರು. ಏನು ತೋರಿಸಲಿ?"

"ಗೊತ್ತು. ನಾನು ಆ ಪ್ರೋಗ್ರಾಮ್ ಬಿಚ್ಚಿ ನೋಡಿದೀನಿ."

ಅವನು ಚೀಟಿಯ ಕಟ್ಟು ಕೆಳಗಿಟ್ಟ. ಆ ಮಾತನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ. ಈಗ ಹೇಳಿದರೂ ಚೀಟಿ ಹರಿಯುವ ಕೆಲಸವೇನು ತಪ್ಪುತ್ತಿರಲಿಲ್ಲ.

"ಕೊನೇ ಸಲ ಆ ಅಜ್ಜ ಫೋನ್ ಮಾಡಿದಾಗ ನಾನು ರೇಗಿದೆ," ಅಂದ. "ಎಷ್ಟು ಸಲ ಮಾಡ್ತೀರಿ, ಹೊರಟಿದೆ ಅಂದ್ನಲ್ಲ ಅಂತ. ಆಗ ಆಯಮ್ಮನೇ ಫೋನ್ ತಗೊಂಡ್ರು. ಉಸಿರು ಎಳೀತಾ ಇದ್ರು. 'ಅವರಿಗೆ ಗಾಬರಿ ಜಾಸ್ತಿ ಕಣಪ್ಪ, ನೀನು ಬಯ್ಯಬೇಡ' ಅಂದ್ರು... ನಂಗೆ. ಅವರೇ ನಂಗೆ ಸಮಾಧಾನ ಹೇಳಿದ್ರು."

ಒಂದು ಕಾರು ಬಂದು ಹಾರ್ನ್ ಹೊಡೆಯಿತು. ಚೀಟಿ ಹರಿದು ಕೊಟ್ಟ.

"ಗಾಡಿ ಕಳಿಸಿ ಮೇಡಂ. ಸುಳ್ಳು ಸಂಖ್ಯೆ ಅವರಿಗೆ ಗೊತ್ತಾಗುತ್ತೆ. ಸುಳ್ಳು ಕೇಳಿ ಕೇಳಿ ಅಭ್ಯಾಸ ಆಗಿದೆ ಅವರಿಗೆ."

"ನೀವೂ ಬರ್ತೀರಾ?"

"ಆ ಗೇಟೊಳಗೆ ನನ್ನ ಬಿಡಲ್ಲ," ಅಂದ, ಮತ್ತೆ ಚೀಟಿಯ ಕಟ್ಟು ಕೈಗೆತ್ತಿಕೊಂಡ.

ಗಾಡಿ ಕೊಡಲು ಒಪ್ಪಿದ್ದು ಹಾರ್ನಣ್ಣ. ಅಲ್ಲಿನ ಡ್ರೈವರುಗಳಲ್ಲಿ ಹಳಬ. ಅಷ್ಟು ದೊಡ್ಡ ಸೈರನ್ ಇದ್ದರೂ ಅದನ್ನು ಹಚ್ಚದೆ ಹಾರ್ನ್ ಬಡಿದುಕೊಂಡೇ ಹೋಗುತ್ತಿದ್ದನಂತೆ, ಸೈರನ್ ಕೇಳಿದರೆ ಒಳಗಿರೋ ರೋಗಿಗೆ ಜೀವ ಹೋದ ಹಾಗಾಗುತ್ತೆ ಅಂತ. ಅದಕ್ಕೇ ಆ ಹೆಸರು. ಸಣ್ಣಕ್ಕ ಕೇಳಿದಾಗ ಬಾಯಲ್ಲಿದ್ದ ಕಡ್ಡಿ ತೆಗೆದು, "ಆ ತಾತ ನಂಗೂ ಕೇಳಿದ್ರು ಮೇಡಂ, ಬೇಕಾದಷ್ಟು ಸಲ," ಅಂದ. ಅಷ್ಟೇ.

ಪಾಳಿ ಬದಲಾಗುವ ಹೊತ್ತು, ಇನ್ನೂ ಮಬ್ಬು. ಆಪರೇಟರ್ ಅಕ್ಕ ಕಂಟ್ರೋಲ್ ರೂಮಿನಲ್ಲಿ ಆ ಸಾಲಿನ ತನಕ ಇಳಿದು, ಹಾರ್ನಣ್ಣನ ಗಾಡಿಯ ನಿಜವಾದ ಸಂಖ್ಯೆ ಒತ್ತಿದರು. ವೈರ್‌ಲೆಸ್ಸು ಕರ್‍ರ್... ಅಂತು.

"ಹೋಯ್ತಾ ಅಕ್ಕ?" ಅಂತ ಸಣ್ಣಕ್ಕ ಗಾಡಿಯಿಂದ ಕೇಳಿದಳು.

"ಇಲ್ಲ. ಇನ್ನೂ ಇದೆ. ಅಂಕಿ ಓಡ್ತಾನೇ ಇದೆ."

ಹೊರಟಿದೆ ಅನ್ನುವ ಮಾತನ್ನು ಅದು ನಂಬಲಿಲ್ಲ ನೋಡಿ. ಯಾಕೆ ನಂಬಬೇಕು?

ಮನೆ ಒಂದು ಕಿರಿದಾದ ಓಣಿಯಲ್ಲಿತ್ತು. ಗಾಡಿ ಒಳಗೆ ಹೋಗುತ್ತಿರಲಿಲ್ಲ. ಬಾಗಿಲಿಗೆ ಬೀಗ, ಮೇಲೆ ಬಾಡಿಗೆಗೆ ಇದೆ ಅಂತ ಬರೆದ ರಟ್ಟು. ಸಣ್ಣಕ್ಕನಿಗೆ ನಾಚಿಕೆಯಾಯಿತಂತೆ. ಬೆಳ್ಳಂಬೆಳಗ್ಗೆ ಯಾರದೋ ಬೀಗ ಹಾಕಿದ ಬಾಗಿಲ ಮುಂದೆ ನಾವೇನು ಮಾಡುತ್ತಿದ್ದೇವೆ ಅಂತ. ಹಾರ್ನಣ್ಣ ಮಾತ್ರ ಹಿಂದಿನ ಬಾಗಿಲು ತೆರೆದು ಸ್ಟ್ರೆಚರ್ ಇಳಿಸಿದ. ಕಲ್ಲುಹಾಸಿನ ಮೇಲೆ ಗಾಲಿಗಳು ಗಡ ಗಡ ಗಡ... ಬಾಗಿಲ ತನಕ ತಳ್ಳಿಕೊಂಡು ಹೋಗಿ ನಿಲ್ಲಿಸಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಎದುರು ಮನೆಯ ಕಿಟಕಿ ತೆರೆಯಿತು. ಒಬ್ಬ ಹೆಂಗಸು, ನಿದ್ದೆಗಣ್ಣು. "ಯಾರಿಗೆ ಏನಾಯ್ತು? ಅಲ್ಲಿ ಯಾರೂ ಇಲ್ವಲ್ಲ."

"ಬರೋದು ತಡ ಆಯ್ತಮ್ಮ," ಅಂದ ಹಾರ್ನಣ್ಣ.

ಅವಳು ಸ್ಟ್ರೆಚರನ್ನು ನೋಡಿದಳು. ಬಾಗಿಲನ್ನು ನೋಡಿದಳು. ಕಿಟಕಿ ಮುಚ್ಚಿಕೊಂಡಳು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.

ವಾಪಸು ತಳ್ಳುವಾಗ ಗಾಲಿಗಳ ಸದ್ದು ಬೇರೆಯಾಗಿತ್ತು ಅನ್ನುತ್ತಾಳೆ ಸಣ್ಣಕ್ಕ. ಗಡ ಗಡ ಅನ್ನಲಿಲ್ಲ. ಗುರ್‍... ಅಂತ ಅದುಮಿದ ಹಾಗೆ. ಹಾರ್ನಣ್ಣನ ಕೈಯ ನರ ಉಬ್ಬಿತ್ತು. ಗಾಡಿಗೆ ಏರಿಸಿದ ಮೇಲೆ ಸಣ್ಣಕ್ಕ, "ಇನ್ನು ಹೋಗೋಣ, ಸಾಕು," ಅಂದಳು.

"ಎಲ್ಲಿಗೆ ಹೋಗೋಣ? ಮಾಡೋದಾದ್ರೆ ಪೂರ್ತಿ ಮಾಡೋಣ ಮೇಡಂ," ಅಂದು ಅವನು ಆಸ್ಪತ್ರೆಯ ಕಡೆಗೇ ತಿರುಗಿಸಿದ. ಹಾರ್ನ್ ಹೊಡೆಯಲಿಲ್ಲ, ರಸ್ತೆ ಖಾಲಿ ಇತ್ತು. ಗುಂಡಿ ಬಂದಲ್ಲೆಲ್ಲ ಮೆಲ್ಲಗೆ ಇಳಿಸಿ ಹತ್ತಿಸಿದ. ತುರ್ತು ವಿಭಾಗದ ಬಾಗಿಲಿಗೆ ಹಿಮ್ಮುಖವಾಗಿ ನಿಲ್ಲಿಸಿ, ಇಳಿದು, ಹಿಂದಿನ ಎರಡೂ ಬಾಗಿಲು ಅಗಲಕ್ಕೆ ತೆರೆದು ಪಕ್ಕಕ್ಕೆ ಸರಿದು ನಿಂತ. ಯಾರಾದರೂ ಇಳಿಯುವಷ್ಟು ಹೊತ್ತು. ಇಬ್ಬರು ಇಳಿಯುವಷ್ಟು ಹೊತ್ತು ಅನ್ನಿ. ಆಮೇಲೆ ಮುಚ್ಚಿದ. ಧಡ್. ಧಡ್.

ವೈರ್‌ಲೆಸ್ಸು ಕರ್‍ರ್... ಅಂತು. ಆಪರೇಟರ್ ಅಕ್ಕನ ದನಿ.

"ಹೋಯ್ತು."

"ಏನು ಹೋಯ್ತಕ್ಕ?"

"ಸಾಲು. ನೋಡ್ತಾ ಇದ್ದ ಹಾಗೇ ಹೋಯ್ತು. ಬಿಲ್ಲೆ ಪಟ್ಟಿ ತುಂಬ ಆಯ್ತು."

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಸಮಾಧಾನ ಆಗಬಹುದು. ಆದರೆ ಆದದ್ದನ್ನು ಆದ ಹಾಗೆ ಹೇಳಬೇಕಲ್ಲ. ಕರೆ ಇಲ್ಲದೆ ಗಾಡಿ ಒಯ್ದದ್ದಕ್ಕೆ ಹಾರ್ನಣ್ಣನನ್ನು ಸಸ್ಪೆಂಡ್ ಮಾಡಿದರು. ಕರೆ ಎಲ್ಲಿತ್ತು ತೋರಿಸು ಅಂದರು. ಅವನು ಏನು ತೋರಿಸುತ್ತಾನೆ? ಆಪರೇಟರ್ ಅಕ್ಕನನ್ನು ಉಗ್ರಾಣಕ್ಕೆ ಹಾಕಿದರು, ಬ್ಯಾಂಡೇಜಿನ ಪೆಟ್ಟಿಗೆ ಜೋಡಿಸೋಕೆ. ಸಣ್ಣಕ್ಕ ಮಾರನೇ ದಿನ ಹೋದಾಗ ಗೇಟಿನಲ್ಲೇ ಅವಳ ಪಾಸು ಕಿತ್ತುಕೊಂಡರು. ಅವಳು ಬರೆದದ್ದನ್ನು ಬೇರೆ ಯಾರಿಗೋ ಕೊಟ್ಟು, ಎರಡು ಮೂರು ಪರದೆಯಾಚೆ ಸರಿಯದ ಹಾಗೆ ಕತ್ತರಿ ಹಾಕಿಸಿದರು. ಈಗ ಎಷ್ಟೇ ಕರೆ ಬರಲಿ, ಅಷ್ಟು ತೋರಿಸಿ ಬಿಲ್ಲೆ ತಳ ಮುಟ್ಟಿಬಿಡುತ್ತೆ, ಇಷ್ಟೇ ಇರೋದು ಅಂತ. ಸಾಹೇಬರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಹಳೇ ಆಪರೇಟರ್ ನೆಲಮಾಳಿಗೆಯಲ್ಲೇ ಇದ್ದಾನೆ.

ಅದಾದ ಮೇಲೆ ಇನ್ನೊಂದು ಬಿರುಗಾಳಿಯೂ ಬಂದು ಹೋಯಿತು. ಆ ರಾತ್ರಿ ಸಣ್ಣಕ್ಕ ಮಲಗಲಿಲ್ಲ, ಕಿಟಕಿ ಹತ್ತಿರವೇ ಕೂತಿದ್ದಳು. ಕೆಳಗೆ ಯಾರು ಉಳಿದರೋ ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೇ ಮಾಡಿಟ್ಟಿದ್ದಾರಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಆಮೇಲೆ ದೀಪ ಆರಿಸಿ ಮಲಗಿ. ಆವತ್ತು ಆಸ್ಪತ್ರೆಯಿಂದ ಆಫೀಸಿನ ಅಂಗಳಕ್ಕೆ ವಾಪಸು ಬಂದ ಮೇಲೆ ಹಾರ್ನಣ್ಣ ಗಾಡಿ ತೊಳೆಯಲು ಹಿಂದಿನ ಬಾಗಿಲು ತೆರೆದ. ತೆರೆದವನು ಅಲ್ಲೇ ನಿಂತು, "ಮೇಡಂ... ಸ್ವಲ್ಪ ಬನ್ನಿ ಇಲ್ಲಿ," ಅಂತ ಕರೆದ. ಸ್ಟ್ರೆಚರಿನ ಬೆಲ್ಟು ಕಟ್ಟಿತ್ತು. ಖಾಲಿ ಸ್ಟ್ರೆಚರಿಗೆ ತಾನು ಯಾವತ್ತೂ ಬೆಲ್ಟು ಹಾಕುವುದಿಲ್ಲ ಅಂದ ಅವನು. ಇವಳಂತೂ ಹಿಂದಕ್ಕೆ ಹತ್ತಿರಲೇ ಇಲ್ಲ. ಸಣಕಲು ಮೈಯ ಅಳತೆಗೆ ಎಳೆದು ಕಟ್ಟಿತ್ತು. ಪಟ್ಟಿ ಒಂದು ಸುತ್ತು ತಿರುಚಿಕೊಂಡಿತ್ತು, ಅಭ್ಯಾಸ ಇಲ್ಲದವರು ಗಾಬರಿಯಲ್ಲಿ ಹಾಕಿದ ಹಾಗೆ. ಮೈಗೆ ಒತ್ತಬಾರದು ಅಂತಲೋ ಏನೋ, ಉಳಿದ ತುದಿಯನ್ನು ಮಡಿಚಿ ಮಡಿಚಿ ಒಳಗೆ ಸೇರಿಸಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸಣ್ಣಕ್ಕ ಇದೇ ಮನೆಯಲ್ಲಿ, ಇದೇ ಚಾಪೆಯ ಮೇಲೆ ಕೂತು ಹೇಳಿದ್ದು. ಆ ತಿರುಚು ಬಿಡಿಸಿದವಳು ಅವಳೇ, ತನ್ನ ಕೈಯಾರೆ.